ಆಟಕ್ಕೆ ಮುಂಚೆ ಆವೃತ್ತಿ ನೋಡು, ತಮ್ಮಾ!

ಗೋರ್ಟಾ (ಬಿ). ಆ ಕಂಸದೊಳಗಿನ ‘ಬಿ’ ಯಾಕೆಂದು ಗೊತ್ತೇ, ಬೆಂಗಳೂರಿನ ಗೆಳೆಯರೇ? ನಿಜಾಮರ ಕಾಲದ ಕಂದಾಯ ದಫ್ತರದಿಂದ ಬಂದ ಬಾಲ ಅದು. ‘ಬಿ’ ಎಂದರೆ ಬುಜುರ್ಗ್, ದೊಡ್ಡದು. ‘ಕೆ’ ಎಂದರೆ ಖುರ್ದ್, ಸಣ್ಣದು. ನಮ್ಮ ಬೀದರ್ ಸೀಮೆಯಲ್ಲಿ ಇಂಥ ಬಾಲ ಅಂಟಿಸಿಕೊಂಡ ಊರುಗಳು ಬಹಳ. ಹೆಸರು ಕೇಳಿ ಬಾಲ ಕೇಳದೆ ಬಸ್ಸು ಹತ್ತಿದವನು ಬೇರೆ ಊರಿನಲ್ಲಿ ಇಳಿದು ಬೆಪ್ಪಾಗಿ ನಿಲ್ಲುತ್ತಾನೆ.

ಕಂಪ್ಯೂಟರಿನ ಕಥೆಯೂ ಹೀಗೇ. ಹೆಸರಿನ ಪಕ್ಕದ ಆ ಪುಟ್ಟ ಅಂಕಿ ಓದದವನು ದುಡ್ಡು ಕಳೆದುಕೊಳ್ಳುತ್ತಾನೆ. ಹೇಗೆ ಎಂಬುದನ್ನು ನಮ್ಮ ಮನೆಯ ಕಥೆಯಿಂದಲೇ ಹೇಳುತ್ತೇನೆ, ಕೇಳಿ.

ನನ್ನ ಕಾಕಾನ ಮಗ ಗೋರ್ಟಾದವನು. ದಿನಾ ಬಸವಕಲ್ಯಾಣಕ್ಕೆ ಹೋಗಿ ಬಿ.ಎ. ಓದುತ್ತಾನೆ. ಸೋಯಾಬೀನ್ ರಾಶಿಗೆ ಕೂಲಿ ಹೋಗಿ, ಅವ್ವನ ಹತ್ತಿರ ಒಂದಿಷ್ಟು ಕಾಡಿ ಬೇಡಿ, ಹದಿನಾಲ್ಕು ಸಾವಿರ ಕೂಡಿಸಿ ಹೆದ್ದಾರಿಯ ಪಟ್ಟಣವೊಂದರ ಅಂಗಡಿಯಲ್ಲಿ ಹಳೆಯ ಕಂಪ್ಯೂಟರ್ ಕೊಂಡ. ಓದಿಗೂ ಆಯಿತು, ಆಟಕ್ಕೂ ಆಯಿತು ಎಂಬ ಆಸೆ. ಕಾರು ಓಡಿಸುವ ಒಂದು ಆಟ ಹಾಕಿದ. ಪರದೆ ಕಪ್ಪಾಯಿತು. ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಆಟ ಮುಚ್ಚಿಕೊಂಡಿತು. ಅಂಗಡಿಗೆ ಫೋನ್ ಮಾಡಿದ.

ದೀಪಾವಳಿಗೆ ನಾನು ಊರಿಗೆ ಹೋದಾಗ ಹುಡುಗನ ಮುಖ ಸಪ್ಪಗಿತ್ತು.

‘ಅಣ್ಣಾ, ಕಾರ್ಡ್ ಸತ್ತದಂತ. ಹೊಸಾದು ಹಾಕಬೇಕಂತ. ಒಂಬತ್ತು ಸಾವಿರ ಆಗ್ತದ ಅಂತಾರ.’

‘ಯಾರು ನೋಡಿ ಹೇಳ್ಯಾರೋ?’

‘ಯಾರೂ ನೋಡಿಲ್ಲ. ಫೋನ್‌ದಾಗೇ ಹೇಳ್ಯಾರ. ನಾ ನೋಡೀನಿ ಅಣ್ಣಾ, ಡೈರೆಕ್ಟ್‌ಎಕ್ಸ್ 12 ಅದ. ಆಟಕ್ಕ 11 ಇದ್ರ ಸಾಕು. ಆದ್ರೂ ಓಡಲ್ದು.’

ಒಂಬತ್ತು ಸಾವಿರ! ಕಂಪ್ಯೂಟರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು. ಹುಡುಗ ಮತ್ತೆ ಕೂಲಿಗೆ ಹೊರಡಲು ತಯಾರಾಗಿದ್ದ. ಇಬ್ಬರೂ ಯಂತ್ರದ ಮುಂದೆ ಕೂತೆವು. ಅವನು ನೋಡಿದ್ದು ಮೊದಲನೇ ಪುಟ ಮಾತ್ರ. ಎರಡನೇ ಪುಟ ತೆರೆದೆವು. ಗ್ರಾಫಿಕ್ಸ್ ಕಾರ್ಡಿನ ಹೆಸರು ಇರಬೇಕಾದ ಜಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿತ್ತು. ಅಲ್ಲಿಗೆ ಗುಟ್ಟು ರಟ್ಟಾಯಿತು.

ಕಾರ್ಡು ಸತ್ತಿರಲಿಲ್ಲ. ಅಂಗಡಿಯವರು ವಿಂಡೋಸ್ ಹಾಕಿದ್ದರು, ಕಾರ್ಡಿನ ಡ್ರೈವರ್ ಹಾಕಿರಲಿಲ್ಲ, ಅಷ್ಟೇ. ಕಾರ್ಡು ಮಾಡಿದ ಕಂಪನಿಯ ಡ್ರೈವರ್ ಸಿಗದಿದ್ದಾಗ ವಿಂಡೋಸ್ ತನ್ನದೊಂದು ಸಾದಾ ಡ್ರೈವರ್ ಕೂರಿಸಿಕೊಳ್ಳುತ್ತದೆ. ನಮ್ಮ ಸರ್ಕಾರಿ ಕಚೇರಿಯಲ್ಲಿ ಕಾಯಂ ಅಧಿಕಾರಿ ಬರುವ ತನಕ ಕುರ್ಚಿ ಕಾಯುವ ಪ್ರಭಾರಿ ಇರುವುದಿಲ್ಲವೇ, ಹಾಗೆ. ಪರದೆಯ ಮೇಲೆ ಅಕ್ಷರ ಮೂಡಿಸಲು ಅವನು ಸಾಕು. ಆಟ ಆಡಿಸುವ ಅಧಿಕಾರ ಅವನಿಗಿಲ್ಲ. ಡಬ್ಬದ ಪಕ್ಕದ ಬಾಗಿಲು ಬಿಚ್ಚಿ, ಕಾರ್ಡಿನ ಮೇಲಿನ ಚೀಟಿ ಓದಿ, ಅದೇ ಕಂಪನಿಯ ತಾಣದಿಂದ ಮೊಬೈಲ್ ಇಂಟರ್‌ನೆಟ್ಟಿನಲ್ಲಿ ಡ್ರೈವರ್ ಇಳಿಸಿ ಹಾಕಿದೆವು. ಯಂತ್ರ ಆರಿಸಿ ಹೊತ್ತಿಸಿದೆವು. ಆಟ ಓಡಿತು. ಖರ್ಚು ಸೊನ್ನೆ. ಒಂಬತ್ತು ಸಾವಿರ ಉಳಿಯಿತು.

ಅಂಗಡಿಯವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿಲ್ಲದಿದ್ದರೆ ಅದು ಅಜ್ಞಾನ. ಗೊತ್ತಿದ್ದೂ ಹೇಳದಿದ್ದರೆ ಅದು ಮೋಸ. ಎರಡರಲ್ಲಿ ಯಾವುದಾದರೂ ಸರಿ, ದಂಡ ತೆರುವವನು ಮಾತ್ರ ಕೂಲಿ ಮಾಡಿದ ಹುಡುಗ!

ಈಗ ಕೆಲವರು ಮೂಗು ಮುರಿಯುತ್ತಾರೆ. ‘ಗೋರ್ಟಾ ಎಂದರೆ 1948ರ ಮೇ ತಿಂಗಳಲ್ಲಿ ರಜಾಕಾರರು ರಕ್ತ ಹರಿಸಿದ ಊರು. ಅಂಥ ಊರಿನ ಹೆಸರು ಹಿಡಿದು ಕಂಪ್ಯೂಟರ್ ಆಟದ ಮಾತೇ?’ ಹೌದು ಸ್ವಾಮಿ, ಅದೇ ಊರು. ಸತ್ತವರ ನೆನಪಿಗೆ ಕೈ ಮುಗಿಯೋಣ. ಆದರೆ ಆ ಊರಿನಲ್ಲಿ ಇವತ್ತು ಬದುಕಿರುವ ಹುಡುಗನಿಗೆ ಏನು ಬೇಕು ಎಂದು ಎಂದಾದರೂ ಕೇಳಿದ್ದೇವೆಯೇ? ವರ್ಷಕ್ಕೊಮ್ಮೆ ಹಾರ ಹಿಡಿದು ಹೋಗುವುದಷ್ಟೇ ನಮ್ಮ ಕೆಲಸವೇ? ಅಲ್ಲಿಯ ಹುಡುಗರಿಗೂ ಆಟ ಬೇಕು. ಆಟದ ನೆಪದಲ್ಲಿ ಯಂತ್ರದ ಒಳಗುಟ್ಟು ಕಲಿತವನೇ ನಾಳೆ ಅದೇ ಯಂತ್ರದಿಂದ ಅನ್ನ ಸಂಪಾದಿಸುತ್ತಾನೆ.

ಅಸಲು ಈ ಡೈರೆಕ್ಟ್‌ಎಕ್ಸ್ ಎಂದರೇನು? ಆಟಕ್ಕೂ ಕಾರ್ಡಿಗೂ ನಡುವೆ ನಿಂತ ದುಭಾಷಿ. ಆಟ ಹೇಳಿದ್ದನ್ನು ಕಾರ್ಡಿಗೆ ಮುಟ್ಟಿಸುವವನು. ಅವನಿಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಅಮೆರಿಕದ ಒಂದು ಕಥೆ ಇದೆ. 1994ರ ಕ್ರಿಸ್‌ಮಸ್ ಹೊತ್ತಿಗೆ ಡಿಸ್ನಿ ಕಂಪನಿ ‘ಲಯನ್ ಕಿಂಗ್’ ಚಿತ್ರದ ಮಕ್ಕಳ ಸಿ.ಡಿ. ಒಂದನ್ನು ಮಾರಿತು. ಅಪ್ಪ ಅಮ್ಮಂದಿರು ಕೊಂಡು ತಂದರು. ಕಾಂಪ್ಯಾಕ್ ಕಂಪನಿಯ ಹೊಸ ಯಂತ್ರಗಳಲ್ಲಿದ್ದ ಡ್ರೈವರಿಗೂ ಆ ಸಿ.ಡಿ.ಗೂ ಹೊಂದಲಿಲ್ಲ. ಹಬ್ಬದ ದಿನ ಯಂತ್ರಗಳು ಮಕಾಡೆ ಮಲಗಿದವು. ಡಿಸ್ನಿಯ ಫೋನುಗಳಿಗೆ ದೂರಿನ ಸುರಿಮಳೆ. ಮೈಕ್ರೋಸಾಫ್ಟಿಗೆ ಇದು ಪಾಠವಾಯಿತು. 1995ರಲ್ಲಿ ಡೈರೆಕ್ಟ್‌ಎಕ್ಸಿನ ಮೊದಲ ಆವೃತ್ತಿ ಬಂತು.

ನೋಡಿದಿರಾ? ಇಂಗ್ಲಿಷೇ ಮನೆಮಾತಾದ ನಾಡಿನಲ್ಲೂ ಹಬ್ಬದ ದಿನ ಮಕ್ಕಳು ಅತ್ತರು. ಆದ್ದರಿಂದ ‘ಹಳ್ಳಿ ಹುಡುಗನಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ತಿಳಿಯಲಿಲ್ಲ’ ಎಂದು ಯಾರೂ ಹಗುರವಾಗಿ ಮಾತಾಡಬೇಡಿ. ಹೇಳಿಕೊಟ್ಟರೆ ಎಲ್ಲರಿಗೂ ತಿಳಿಯುತ್ತದೆ. ಹೇಳಿಕೊಡದಿದ್ದರೆ ಇಂಗ್ಲಿಷ್ ಬಂದವನಿಗೂ ತಿಳಿಯುವುದಿಲ್ಲ.

ಹಾಗಾದರೆ ಹೇಳಿಕೊಡೋಣ. ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ಆಟ ಕೊಳ್ಳುವ ಮೊದಲು ಅದು ಕೇಳುವುದೇನು ಎಂದು ಓದಿ. ಡಬ್ಬಿಯ ಹಿಂದೆಯೋ ಆಟ ಮಾರುವ ಪುಟದ ಕೆಳಗೋ ‘ಮಿನಿಮಮ್’ ಎಂದೂ ‘ರೆಕಮೆಂಡೆಡ್’ ಎಂದೂ ಎರಡು ಪಟ್ಟಿ ಇರುತ್ತವೆ. ಮೊದಲನೆಯದು ಹೇಗೋ ಓಡಲು ಬೇಕಾದಷ್ಟು. ಎರಡನೆಯದು ಚೆನ್ನಾಗಿ ಓಡಲು ಬೇಕಾದಷ್ಟು.

ಎರಡು: ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿ ಒತ್ತಿ ಹಿಡಿದು ‘ಆರ್’ ಒತ್ತಿ. ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಆರು ಇಂಗ್ಲಿಷ್ ಅಕ್ಷರ ಹೊಡೆಯಿರಿ: ಡಿ, ಎಕ್ಸ್, ಡಿ, ಐ, ಎ, ಜಿ. ಎಂಟರ್ ಒತ್ತಿ. ಬರುವ ಮೊದಲ ಪುಟದ ಪಟ್ಟಿಯ ಕೊನೆಯಲ್ಲಿ ಡೈರೆಕ್ಟ್‌ಎಕ್ಸ್ ಆವೃತ್ತಿ ಇರುತ್ತದೆ.

ಮೂರು: ಇಲ್ಲಿಗೇ ನಿಲ್ಲಬೇಡಿ! ನನ್ನ ತಮ್ಮ ಎಡವಿದ್ದು ಇಲ್ಲೇ. ಪಕ್ಕದ ‘ಡಿಸ್‌ಪ್ಲೇ’ ಪುಟ ತೆರೆಯಿರಿ. ಕಾರ್ಡಿನ ಹೆಸರು, ಡ್ರೈವರಿನ ಆವೃತ್ತಿ, ತಾರೀಖು ನೋಡಿ. ಅಲ್ಲೇ ‘ಫೀಚರ್ ಲೆವೆಲ್ಸ್’ ಎಂಬ ಸಾಲಿದೆ. ಮೊದಲ ಪುಟದ 12 ಎಂಬುದು ವಿಂಡೋಸಿನಲ್ಲಿ ಏನಿದೆ ಎಂದು ಹೇಳುತ್ತದೆ. ಈ ಸಾಲು ನಿಮ್ಮ ಕಾರ್ಡಿನ ಕೈಲಿ ಏನಾಗುತ್ತದೆ ಎಂದು ಹೇಳುತ್ತದೆ. ಹುಮನಾಬಾದಿನ ಮೇಲೆ ಹೋಗುವ ಪುಣೆ–ಹೈದರಾಬಾದ್ ಹೆದ್ದಾರಿ ನಾಲ್ಕು ಪಥದ್ದಾಯಿತು ಎಂದ ಮಾತ್ರಕ್ಕೆ ಅದರ ಮೇಲೆ ಹೋಗುವ ಟಂಟಂ ಗಾಡಿ ವೋಲ್ವೋ ಬಸ್ಸಾಯಿತೇ? ರಸ್ತೆ ಬೇರೆ, ಗಾಡಿ ಬೇರೆ. ಆಟ 12 ಕೇಳಿ, ಈ ಸಾಲಿನಲ್ಲಿ 11ಕ್ಕಿಂತ ಮೇಲೆ ಏನೂ ಇಲ್ಲದಿದ್ದರೆ ದುಡ್ಡು ಹಾಕುವ ಮುನ್ನ ಹತ್ತು ಸಲ ಯೋಚಿಸಿ.

ನಾಲ್ಕು: ‘ಐನೂರು ಕೊಡು, ಡೈರೆಕ್ಟ್‌ಎಕ್ಸ್ 12 ಹಾಕಿಕೊಡ್ತೀನಿ’ ಎನ್ನುವವನನ್ನು ನಂಬಬೇಡಿ. 10 ಬಂದದ್ದು ವಿಸ್ತಾ ಜೊತೆಗೆ. ಎಕ್ಸ್‌ಪಿ ಇದ್ದವನಿಗೆ 9ರ ಆಚೆ ದಾರಿಯೇ ಇರಲಿಲ್ಲ. 11 ಬಂದದ್ದು 2009ರಲ್ಲಿ ವಿಂಡೋಸ್ 7ರ ಜೊತೆಗೆ. 12 ಬಂದದ್ದು 2015ರಲ್ಲಿ ವಿಂಡೋಸ್ 10ರ ಜೊತೆಗೆ. ಅದು ವಿಂಡೋಸಿನೊಳಗೇ ಇರುತ್ತದೆ, ವಿಂಡೋಸಿನ ಅಪ್‌ಡೇಟಿನಲ್ಲೇ ಹೊಸದಾಗುತ್ತದೆ. ಬೇರೆಯಾಗಿ ಮಾರುವ ಸಾಮಾನಲ್ಲ.

ಐದು: ಹಳೆಯ ಆಟ ಹಾಕಿದಾಗ ‘ಡಿ3ಡಿಎಕ್ಸ್9_43’ ಎಂಬಂಥ ಹೆಸರಿನ ಕಡತ ಇಲ್ಲ ಎಂಬ ದೂರು ಬರಬಹುದು. ಆ ಒಂದು ಕಡತವನ್ನು ಕಂಡಕಂಡ ತಾಣದಿಂದ ಇಳಿಸಿಕೊಳ್ಳಬೇಡಿ. ಕಡತದ ವೇಷದಲ್ಲಿ ವೈರಸ್ ಬರುತ್ತದೆ. ಹಳೆಯ ಆಟಗಳಿಗೆ ಬೇಕಾದ ಈ ತುಣುಕುಗಳನ್ನೆಲ್ಲ ಮೈಕ್ರೋಸಾಫ್ಟ್ 2010ರ ಜೂನ್ ಆವೃತ್ತಿಯ ಒಂದೇ ಕಟ್ಟಿನಲ್ಲಿ ಪುಕ್ಕಟೆ ಕೊಟ್ಟಿದೆ. ಅದನ್ನು ಅವರ ತಾಣದಿಂದಲೇ ಪಡೆಯಿರಿ. ಅದು ನಿಮ್ಮ 12ನ್ನು ಇಳಿಸುವುದೂ ಇಲ್ಲ, ಏರಿಸುವುದೂ ಇಲ್ಲ. ಹಳೆಯ ತುಣುಕುಗಳನ್ನು ಪಕ್ಕದಲ್ಲಿ ಜೋಡಿಸುತ್ತದೆ, ಅಷ್ಟೇ.

ಇಷ್ಟೇ ವಿದ್ಯೆ! ಐದು ನಿಮಿಷದ ಕೆಲಸ. ಇದನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ಆ ಹುಡುಗನ ಕೈಗೆ ಕೊಡಲು ಯಾರಿಗೆ ಏನು ಅಡ್ಡಿ ಇತ್ತು?

ಗ್ರಾಫಿಕ್ಸ್ ಕಾರ್ಡು, ಅದರ ಡ್ರೈವರು ಎಂದರೆ ಮೂರು ಹೆಸರು ಮುಖ್ಯ: ಇಂಟೆಲ್, ಎಎಂಡಿ, ಎನ್ವಿಡಿಯಾ. ಮೂರಕ್ಕೂ ಬೆಂಗಳೂರಿನಲ್ಲಿ ಕಚೇರಿಗಳಿವೆ. ಅಲ್ಲಿ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ನವೆಂಬರ್ ಬಂದರೆ ಹಳದಿ ಕೆಂಪು ಬಾವುಟ ಕಟ್ಟಿ ಫೋಟೋ ತೆಗೆಸಿಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ಬಾವುಟ ಕಟ್ಟಿದ ಕೈ ತನ್ನ ಕಸುಬಿನ ಬಗ್ಗೆ ಕನ್ನಡದಲ್ಲಿ ಹತ್ತು ಸಾಲು ಬರೆಯಬಾರದೇ? ಬೈಯುವಾಗ ನನ್ನನ್ನೂ ಸೇರಿಸಿ ಬೈಯಿರಿ. ತಮ್ಮ ಫೋನ್ ಮಾಡಿ ಕೇಳಿದ್ದರೆ ನಾನೂ ‘ಇಂಟರ್‌ನೆಟ್ಟಿನಲ್ಲಿ ನೋಡ್ಕೋ’ ಎಂದು ಫೋನ್ ಇಟ್ಟುಬಿಡುತ್ತಿದ್ದೆನೋ ಏನೋ. ಆ ಇಂಟರ್‌ನೆಟ್ಟಿನಲ್ಲಿ ಇದನ್ನು ಕನ್ನಡದಲ್ಲಿ ಬರೆದಿಡಬೇಕಾದವರು ಯಾರು? ನಾವೇ ಅಲ್ಲವೇ?

ಬರೆಯುವಾಗ ಒಂದು ಎಚ್ಚರ ಇರಲಿ. ಡ್ರೈವರನ್ನು ‘ಚಾಲಕ ತಂತ್ರಾಂಶ’ ಎಂದೂ ಗ್ರಾಫಿಕ್ಸ್ ಕಾರ್ಡನ್ನು ‘ಚಿತ್ರಸಂಸ್ಕರಣ ಫಲಕ’ ಎಂದೂ ಮಾಡಿ ಹುಡುಗರನ್ನು ಹೆದರಿಸಬೇಡಿ. ಕಾರ್ಡನ್ನು ಕಾರ್ಡೆನ್ನಿ, ಡ್ರೈವರನ್ನು ಡ್ರೈವರೆನ್ನಿ. ವಿವರಣೆ ಕನ್ನಡದಲ್ಲಿರಲಿ. ಹೆಸರು ಎಲ್ಲಿಂದ ಬಂದರೇನು, ತಿಳಿವಳಿಕೆ ನಮ್ಮ ನುಡಿಯಲ್ಲಿ ಬರಬೇಕು. ವಿಂಡೋಸ್‌ಗೆ ಕನ್ನಡದ ಭಾಷಾ ಕಟ್ಟು ಇದೆ, ಆದರೂ ಬಳಸುವವರು ಎಷ್ಟು ಜನ? ಗುಂಡಿಗಳ ಹೆಸರನ್ನಷ್ಟೇ ಕನ್ನಡಕ್ಕೆ ತಂದರೆ ಸಾಲದು. ಯಾವ ಗುಂಡಿ ಯಾವಾಗ, ಯಾಕೆ ಒತ್ತಬೇಕು ಎಂದು ಹೇಳುವ ಕನ್ನಡವೂ ಬೇಕು.

ಅಂಗಡಿಯವರಿಗೂ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕೊಳ್ಳುವ ಸಾಮಾನಿನ ಗುಣಮಟ್ಟ ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ಅವನಿಗೆ ತಿಳಿಯದ ಮಾತಿನಲ್ಲಿ ಹೇಳಿದರೆ ತಿಳಿಸಿದಂತಾಯಿತೇ? ಹಳೆಯ ಕಂಪ್ಯೂಟರ್ ಮಾರುವವರು ಬಿಲ್ಲಿನ ಜೊತೆ ಒಂದು ಚೀಟಿ ಕೊಡಲಿ. ಕಾರ್ಡು ಯಾವುದು, ಡ್ರೈವರ್ ಹಾಕಿದೆಯೋ ಇಲ್ಲವೋ, ಫೀಚರ್ ಲೆವೆಲ್ ಎಷ್ಟು ಎಂದು ಕನ್ನಡದಲ್ಲಿ ಬರೆದ ಮೂರು ಸಾಲು. ಕೇಳಿದರೆ ಕೊಡುತ್ತಾರೆ. ಕೇಳುವವರೇ ಇಲ್ಲದಿದ್ದರೆ ಯಾಕೆ ಕೊಟ್ಟಾರು? ಕೊಳ್ಳುವ ದಿನವೇ, ದುಡ್ಡು ಎಣಿಸುವ ಮೊದಲೇ, ಅಂಗಡಿಯಲ್ಲೇ ಆ ಆರು ಅಕ್ಷರ ಹೊಡೆದು ಎರಡೂ ಪುಟ ನೋಡಿ. ಆಮೇಲೂ ಮೋಸವಾದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ಬಿಲ್ಲು ಮಾತ್ರ ಕಡ್ಡಾಯವಾಗಿ ಇಟ್ಟುಕೊಳ್ಳಿ.

ಕನ್ನಡದ ಹಕ್ಕು ಎಂದರೆ ಬರೀ ನಾಮಫಲಕದ ಅಕ್ಷರವಲ್ಲ ಗೆಳೆಯರೇ. ಕೂಲಿ ಮಾಡಿ ಕೂಡಿಸಿದ ಒಂಬತ್ತು ಸಾವಿರ ರೂಪಾಯಿ ಜೇಬಿನಲ್ಲೇ ಉಳಿಯುವುದೂ ಕನ್ನಡದ ಹಕ್ಕೇ.

ನನ್ನ ತಮ್ಮ ಈಗ ತನ್ನ ಗೆಳೆಯರ ಯಂತ್ರಗಳನ್ನೂ ನೋಡಿಕೊಡುತ್ತಿದ್ದಾನೆ. ಅವನ ಮನೆಯ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ ಕನ್ನಡದಲ್ಲಿ ಬರೆದ ಒಂದು ಹಾಳೆ ಅಂಟಿದೆ. ಮೇಲೆ ಕಲಿತ ಐದೂ ಸಾಲು ಅದರಲ್ಲಿವೆ. ನಿಮ್ಮ ಊರಿಗೆ ಅಂಥ ಹಾಳೆ ಯಾವತ್ತು ಕಳಿಸುತ್ತೀರಿ?