ದೇವದಾರಿಯ ಪರವಾಗಿ ದಾವಣಗೆರೆ ಮಾತಾಡಲಿ

ವಿನೋಬನಗರದ ಅಣ್ಣ-ಅಕ್ಕಂದಿರೇ, ಹರಿಹರದ ಬಂಧುಗಳೇ,

ನಮ್ಮ ನಲ್ಲಿಯಲ್ಲಿ ಬರುವುದು ಭದ್ರಾ ನಾಲೆಯ ನೀರು, ಇಲ್ಲವೇ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು. ನಮ್ಮ ಭತ್ತ, ಅಡಿಕೆ, ತೆಂಗು ನಂಬಿರುವುದೂ ಇದೇ ಹೊಳೆಯನ್ನು. ಈ ನೀರು ಇಂದಿಗೂ ನೀರಾಗಿಯೇ ಬರುತ್ತಿದ್ದರೆ ಅದಕ್ಕೆ ಒಂದು ಕಾರಣ, ನಾವು ಮುಖ ಕಾಣದ ಮಂದಿ ನಮ್ಮ ಪರವಾಗಿ ಮಾಡಿದ ಹೋರಾಟ. ಆ ಋಣವನ್ನು ತೀರಿಸುವ ಹೊತ್ತು ಈಗ ಬಂದಿದೆ.

ಕುದುರೆಮುಖದ ಸಾಲಿನಲ್ಲಿ, ಗಂಗಾಮೂಲದಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಅಲ್ಲಿ ಹಿಂದೆ ಕಬ್ಬಿಣದ ಗಣಿ ಇದ್ದ ಪ್ರದೇಶದಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ. ನಮ್ಮಲ್ಲಿ ಬೀಳುವುದು ಅದರ ಹತ್ತನೇ ಒಂದು ಪಾಲು. ಅಷ್ಟು ಮಳೆ ಹೊಡೆಯುವ ಕಡಿದಾದ ಗುಡ್ಡದ ಮೇಲೆ ಮಣ್ಣು ನಿಂತಿರುವುದೇ ಆಶ್ಚರ್ಯ. ಕಣಿವೆಯ ಮಡಿಲಲ್ಲಿ ಶೋಲಾ ಕಾಡಿನ ಬೇರು, ನೆತ್ತಿಯ ಮೇಲೆ ದಟ್ಟ ಹುಲ್ಲು, ಇವೆರಡೂ ಆ ಮಣ್ಣನ್ನು ಹಿಡಿದಿವೆ. ಜುಲೈ ತಿಂಗಳಲ್ಲಿ ಸುರಿದದ್ದನ್ನು ತಡೆದಿಟ್ಟು ಜನವರಿಯಲ್ಲೂ ತೊಟ್ಟಿಕ್ಕಿಸುವುದು ಈ ನೆಲವೇ. ಹುಲ್ಲಿನ ಹೊದಿಕೆ ತೆಗೆದು ಮಳೆಗೆ ಒಡ್ಡಿದರೆ ಗುಡ್ಡ ಹೊಳೆಗೆ ಇಳಿಯುತ್ತದೆ.

ಆದದ್ದೂ ಅದೇ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಅಲ್ಲಿ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆಯಿತು. ಅದಿರು ಬೇರ್ಪಡಿಸಿ ಉಳಿದ ಕೆಸರನ್ನು ತುಂಬಲು ಭದ್ರೆಯ ಉಪಹೊಳೆ ಲಕ್ಯಾಕ್ಕೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿತು. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರೆಯ ಹೂಳನ್ನು ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದವರಿಗೆ ಎದೆ ಝಲ್ಲೆನ್ನುತ್ತದೆ: ಜಲಾನಯನದ ಶೇ 1ಕ್ಕಿಂತ ಕಡಿಮೆ ಇದ್ದ ಗಣಿ ನೆಲವೇ ಹೊಳೆಯ ಹೂಳಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಕೊಡುತ್ತಿತ್ತು. ಆ ನೀರು ಹರಿದು ಬಂದು ನಿಲ್ಲುವುದು ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ. ಬೇಸಿಗೆ ಬೆಳೆಗೆ ನೀರು ಮುಟ್ಟಲಿಲ್ಲವೆಂದು ಮಲೇಬೆನ್ನೂರು, ಹರಿಹರದ ಕೊನೆ ಭಾಗದ ರೈತರು ರಸ್ತೆಗಿಳಿಯುವುದು ಆ ಜಲಾಶಯದ ನೀರಿಗಾಗಿಯೇ.

ಗಣಿಯನ್ನು ನಿಲ್ಲಿಸಿದವರು ನಾವಲ್ಲ. ಮಲೆನಾಡಿನ ಹೋರಾಟಗಾರರು ಬೀದಿಗಿಳಿದರು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಅವರು ಯಾರೂ ದಾವಣಗೆರೆಯವರನ್ನು ಕೇಳಿ ಹೋರಾಡಲಿಲ್ಲ, ನಮ್ಮಿಂದ ಹಾರ-ತುರಾಯಿಯನ್ನೂ ಬಯಸಲಿಲ್ಲ.

ಈಗ ಅದೇ ಕುದುರೆಮುಖ ಕಂಪನಿ ಬಳ್ಳಾರಿ ಸೀಮೆಯ ಸಂಡೂರಿನ ದೇವದಾರಿ ಬೆಟ್ಟಕ್ಕೆ ಬಂದಿದೆ. ಸ್ವಾಮಿಮಲೈ ಅರಣ್ಯದ ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರದಷ್ಟು ಮರ ಪಣಕ್ಕಿವೆ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು; ಅರಣ್ಯ ಭೂಮಿಯನ್ನು ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಒಬ್ಬ ಮಂತ್ರಿಯ ಸಹಿಯನ್ನು ಇನ್ನೊಬ್ಬ ಮಂತ್ರಿಯ ಸೂಚನೆ ತಡೆದಿದೆ ಎಂದರೆ ಬೆಟ್ಟ ಉಳಿಯಿತು ಎಂದು ಅರ್ಥವಲ್ಲ. ಮಂತ್ರಿಗಳು ಬದಲಾಗುತ್ತಾರೆ. ಕಡತಗಳಿಗೆ ಆಯುಸ್ಸು ಹೆಚ್ಚು.

"ಸಂಡೂರು ನಮಗಿಂತ ಕೆಳಗಿದೆ, ಅಲ್ಲಿನ ಹೂಳು ನಮ್ಮ ನಾಲೆಗೆ ಬರುವುದಿಲ್ಲ, ನಮಗ್ಯಾಕೆ ಉಸಾಬರಿ?" ಎನ್ನುವವರಿದ್ದಾರೆ. ಮಾತು ನಿಜ, ನ್ಯಾಯವಲ್ಲ. ಸಂಡೂರು ಸುತ್ತ ಬೆಟ್ಟವಿರುವ ಕಣಿವೆ. ಅಲ್ಲಿನ ಮಳೆ ನಾರಿಹಳ್ಳವಾಗಿ, ಗಂಡಿಗಳನ್ನು ದಾಟಿ, ದರೋಜಿ ಕೆರೆಯತ್ತ ಸಾಗುತ್ತದೆ. ಮಲೆನಾಡಿನ ಮಳೆ ಆ ಬಯಲುಸೀಮೆಗಿಲ್ಲ. ಬೀಳುವ ಅಷ್ಟಿಷ್ಟು ಹನಿಯನ್ನೂ ಕುಡಿದು ಇಟ್ಟುಕೊಳ್ಳುವುದು ಬೆಟ್ಟದ ಕಾಡು ಮಾತ್ರ. ಅದು ಹೋದರೆ ಒಂದೇ ರಾತ್ರಿಯ ಬಿರುಮಳೆ ಕೆಂಪು ಕೆಸರನ್ನು ಹೊಲಕ್ಕೆ ತಂದು ಸುರಿಯುತ್ತದೆ, ಬೇಸಿಗೆಗೆ ಬಾವಿ ಬತ್ತುತ್ತದೆ. ಅಲ್ಲಿನ ರೈತ ಇಂದು ನಿಂತಿರುವುದು ಕುದುರೆಮುಖದ ಕಾಲದಲ್ಲಿ ನಾವು ನಿಂತಿದ್ದ ಜಾಗದಲ್ಲಿ.

"ಕಬ್ಬಿಣ ಬೇಡವೇ?" ಎಂಬ ಪ್ರಶ್ನೆಯೂ ಬರುತ್ತದೆ. ಬೇಕು. ನಮ್ಮ ಮನೆಯ ಸರಳು, ಟ್ರ್ಯಾಕ್ಟರು, ಬಸ್ಸು ಎಲ್ಲವೂ ಕಬ್ಬಿಣವೇ. ಆದರೆ ಬಳ್ಳಾರಿ ಸೀಮೆಯಲ್ಲಿ ಅದಿರು ತೆಗೆಯುವುದು ನಿಂತಿಲ್ಲ. ಅಕ್ರಮದ ಹಾವಳಿಗೆ 2011ರಲ್ಲಿ ತಡೆ ಹಾಕಿದ ಸುಪ್ರೀಂ ಕೋರ್ಟೇ ಮುಂದೆ ಮಿತಿಯೊಳಗೆ ಗಣಿಗಾರಿಕೆಗೆ ಒಪ್ಪಿತು. 2022ರಲ್ಲಿ ಬಳ್ಳಾರಿಯ ಮಿತಿಯನ್ನು ವರ್ಷಕ್ಕೆ 28ರಿಂದ 35 ದಶಲಕ್ಷ ಟನ್ನಿಗೆ ಏರಿಸಿತು. ಈಗಾಗಲೇ ಬಗೆದ ನೆಲದಿಂದ ಇಷ್ಟು ತೆಗೆಯುತ್ತಿರುವಾಗ ಇನ್ನೂ ಹಾರೆ ಮುಟ್ಟದ ಕಾಡಿಗೆ ಕೈ ಹಾಕುವುದು ಅಗತ್ಯವಲ್ಲ, ದುರಾಸೆ. ಉದ್ಯೋಗದ ಆಸೆ ತೋರಿಸುವವರು ಒಮ್ಮೆ ಕುದುರೆಮುಖದ ಟೌನ್‌ಶಿಪ್ಪಿಗೆ ಹೋಗಿ ಖಾಲಿ ಬಿದ್ದ ಮನೆಗಳನ್ನು ನೋಡಿ ಬರಲಿ. ಗಣಿಯ ಕೆಲಸ ಅದಿರು ಇರುವವರೆಗೆ. ಬೇಸಾಯದ ಕೆಲಸ ಮಣ್ಣು ಇರುವವರೆಗೆ.

ಮರುಕ ಸಾಕು, ಕೆಲಸ ಬೇಕು. ನಮ್ಮ ಗ್ರಾಮ ಪಂಚಾಯಿತಿಗಳು, ಮಹಾನಗರ ಪಾಲಿಕೆ, ಹರಿಹರ ನಗರಸಭೆ ದೇವದಾರಿಯ ಕಾಡನ್ನು ಗಣಿಗೆ ಕೊಡಬಾರದೆಂದು ನಿರ್ಣಯ ಮಾಡಿ ರಾಜ್ಯಕ್ಕೂ ಕೇಂದ್ರಕ್ಕೂ ಕಳಿಸಲಿ. ರೈತ ಸಂಘಗಳು ಭದ್ರಾ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನೀರು ಬಿಡುವ ದಿನಾಂಕವನ್ನಷ್ಟೇ ಕೇಳದೆ, ಜಲಾಶಯದ ಹೂಳಿನ ಲೆಕ್ಕವನ್ನೂ ಕೇಳಲಿ. ಕಾಲೇಜಿನ ಮಕ್ಕಳು ಲಕ್ಯಾ ಕಣಿವೆಯನ್ನೂ ಸಂಡೂರನ್ನೂ ಕಣ್ಣಾರೆ ಕಂಡು ಬಂದು ಊರಿಗೆ ಹೇಳಲಿ. ಮತ ಕೇಳಲು ಬಾಗಿಲಿಗೆ ಬಂದವರನ್ನು, ಅವರು ಯಾವ ಪಕ್ಷದವರಾದರೂ, ದೇವದಾರಿಯ ಬಗ್ಗೆ ನಿಮ್ಮ ನಿಲುವೇನು ಎಂದು ನಿಲ್ಲಿಸಿ ಕೇಳಿ.

ಭೂಮಿಗಾಗಿ ಊರೂರು ನಡೆದ ವಿನೋಬಾ ಅವರ ಹೆಸರಿನ ಬಡಾವಣೆಯಲ್ಲಿ ಇದ್ದುಕೊಂಡು, ಭೂಮಿಯನ್ನು ಬಗೆಯುವಾಗ ಬಾಯಿ ಮುಚ್ಚಿಕೊಂಡಿರುವುದು ನಮಗೆ ಶೋಭೆಯಲ್ಲ. ಮೇಲಿನವರು ನಮಗಾಗಿ ಕೋರ್ಟಿಗೆ ಹೋದರು. ಕೆಳಗಿನವರಿಗಾಗಿ ನಾವು ಒಂದು ಅರ್ಜಿಯನ್ನಾದರೂ ಬರೆಯೋಣ. ಈ ವಾರವೇ ಬರೆಯೋಣ.