ದಾರಿ ಗೊತ್ತಿರುವವರೇ ದಾರಿ ಹೇಳಲಿ

ಶನಿವಾರ, ಭಾನುವಾರ ಬಂತೆಂದರೆ ಕುದೂರಿನ ಪಕ್ಕದ ಭೈರವನದುರ್ಗ ಹತ್ತಲು ಬೆಂಗಳೂರಿನಿಂದ ಬೈಕು, ಕಾರುಗಳಲ್ಲಿ ಜನ ಬರುತ್ತಾರೆ. ಬೆಟ್ಟ ಕಣ್ಣೆದುರೇ ಇರುತ್ತದೆ. ಎಲ್ಲಿಂದ ಹತ್ತಬೇಕು ಅನ್ನುವುದು ಗೊತ್ತಾಗುವುದಿಲ್ಲ. ಗಾಡಿ ನಿಲ್ಲಿಸಿ ಕೆಲವರು ಇಂಗ್ಲಿಷಿನಲ್ಲಿ ದಾರಿ ಕೇಳುತ್ತಾರೆ.

ಆಗ ಏನಾಗುತ್ತದೆ, ಗಮನಿಸಿದ್ದೀರಾ? ಕುರಿ ಮೇಯಿಸುತ್ತಾ ಕಾಲುದಾರಿಗಳನ್ನೆಲ್ಲ ತುಳಿದಿರುವ ಹಿರಿಯರು ಹಿಂದೆ ಸರಿಯುತ್ತಾರೆ. 'ಅದೇನ್ ಕೇಳ್ತಾವ್ರೋ ನೋಡಪ್ಪಾ' ಎಂದು ಕಾಲೇಜು ಹುಡುಗನನ್ನು ಕರೆಯುತ್ತಾರೆ. ಹುಡುಗನಿಗೆ ಇಂಗ್ಲಿಷ್ ಬರುತ್ತದೆ, ಬೆಟ್ಟದ ದಾರಿ ಅಷ್ಟಾಗಿ ಗೊತ್ತಿಲ್ಲ. 'ಸ್ಟ್ರೈಟ್ ಹೋಗಿ ಲೆಫ್ಟ್' ಎಂದು ಕಳಿಸುತ್ತಾನೆ. ನಮ್ಮ ಹಳ್ಳಿ ರಸ್ತೆಗಳಲ್ಲಿ ಸ್ಟ್ರೈಟ್ ಎಲ್ಲಿದೆ?

ತಪ್ಪು ಹುಡುಗನದಲ್ಲ. ಬೆಂಗಳೂರಿನಲ್ಲಿ ದಾರಿ ಕೇಳಲು ನಾವು ಅಂಜುವುದು ಒಂದು ಮಾತು. ನಮ್ಮೂರಲ್ಲೇ ನಿಂತು, ನಮಗೆ ಚೆನ್ನಾಗಿ ಗೊತ್ತಿರುವುದನ್ನು ಹೇಳಲೂ ಅಂಜಬೇಕೇ? ಇಂಗ್ಲಿಷ್ ಬಾರದವನಿಗೆ ಏನೂ ಗೊತ್ತಿಲ್ಲ ಎಂಬ ಭಾವನೆ ಹೊರಗಿನವರಿಗಿಂತ ಮೊದಲು ನಮ್ಮೊಳಗೇ ಕೂತಿದೆ.

ಬೋರ್ಡು, ಮೊಬೈಲ್ ಮ್ಯಾಪು ಇವೆಯಲ್ಲ ಎನ್ನಬಹುದು. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಟ್ಟಿತು. ಕುದೂರು ಇರುವುದು ಬೆಂಗಳೂರಿನ ಪಶ್ಚಿಮಕ್ಕೆ! ಹೆಸರು ನೋಡಿ ದಿಕ್ಕು ತಿಳಿಯುವಂತಿಲ್ಲ. ಮ್ಯಾಪು ಊರಿನವರೆಗೆ ತರುತ್ತದೆ. ಯಾವ ಬಂಡೆ ಜಾರುತ್ತದೆ, ಕತ್ತಲಾಗುವ ಮೊದಲು ಎಷ್ಟು ಹೊತ್ತಿಗೆ ಇಳಿಯಬೇಕು ಎಂದು ಹೇಳಲು ಊರಿನವರೇ ಬೇಕು. ಅಲ್ಲಿ ತಪ್ಪು ದಾರಿ ಹಿಡಿದರೆ ಜೀವಕ್ಕೇ ಅಪಾಯ.

ಇಂಗ್ಲಿಷ್ ಪದಗಳು ನಮಗೇನು ಹೊಸವಲ್ಲ. ದಾರಿ ತೋರಿಸುವ ಕಂಬಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಹ್ಯಾಂಡ್‌ಪೋಸ್ಟ್. ನಮ್ಮ ಜನರ ಬಾಯಲ್ಲಿ ಅದು ಊರಿನ ಹೆಸರೇ ಆಯಿತು. ನಮ್ಮ ತಾಲ್ಲೂಕಿನಲ್ಲಿ ಮರೂರು ಹ್ಯಾಂಡ್‌ಪೋಸ್ಟ್ ಇದೆ, ಹೆಗ್ಗಡದೇವನಕೋಟೆ ಕಡೆಯೂ ಒಂದಿದೆ. ಬಸ್ಸಿನಲ್ಲಿ ಕಂಡಕ್ಟರ್ 'ರೈಟ್ ರೈಟ್' ಎಂದರೆ ಬಲಕ್ಕೆ ತಿರುಗು ಎಂದಲ್ಲ, ಹೊರಡು ಎಂದರ್ಥ. ಬೇಕಾದ ಪದವನ್ನು ನಮಗೆ ಬೇಕಾದ ಹಾಗೆ ಬಳಸಿಕೊಂಡವರು ನಾವು. ಅದರ ಮುಂದೆ ತಲೆ ತಗ್ಗಿಸುವುದು ಯಾಕೆ?

ಕನ್ನಡದಲ್ಲಿ ಕೇಳಿದರೆ ಮಾತ್ರ ಹೇಳುತ್ತೇವೆ ಎಂಬ ಹಟ ಬೇಡ. ದಾರಿ ಕೇಳಿದವರಿಗೆ ದಾರಿ ಹೇಳುವುದು ನಮ್ಮ ಊರುಗಳ ಮರ್ಯಾದೆ. ಆದರೆ ದಾರಿ ಬಲ್ಲವರೇ ಮುಂದೆ ಬಂದು, ಕೈ ತೋರಿಸಿ, 'ಕೆರೆ ಏರಿ ದಾಟಿ, ಅರಳಿಕಟ್ಟೆ ಹತ್ರ ಬಲಕ್ಕೆ' ಎಂದು ಕನ್ನಡದಲ್ಲೇ ಹೇಳಲಿ. ಕೇಳಿದವರಿಗೆ ಅರ್ಥವಾಗದಿದ್ದರೆ ಪಕ್ಕದ ಹುಡುಗ ಆ ಮಾತನ್ನು ಇಂಗ್ಲಿಷಿಗೆ ದಾಟಿಸಲಿ. ಹೀಗೆ ಮಾಡಿದರೆ ಅವನಿಗೂ ದಾರಿ ತಿಳಿಯುತ್ತದೆ.

ಬರುವವರಲ್ಲೂ ಒಂದು ಮಾತು. ಎಡಕ್ಕೆ, ಬಲಕ್ಕೆ, ನೇರ, ಎಷ್ಟು ದೂರ. ಇಷ್ಟು ಕಲಿತು ಬನ್ನಿ. ಉಳಿದದ್ದನ್ನು ಊರಿನವರು ಹೇಳಿಕೊಡುತ್ತಾರೆ. ಬಿಸಿಲು ಜೋರಾಗಿದ್ದರೆ ನೀರೂ ಕೊಡುತ್ತಾರೆ.