ಡೊಂಬಿವಲಿಯ ಗಾಳಿಗೆ ಲೆಕ್ಕ ಕೊಡಿ



2020ರ ಮಾರ್ಚ್ 25ರ ಕೋವಿಡ್ ಲಾಕ್‌ಡೌನ್‌ನಿಂದ ವಾಹನ, ಕಟ್ಟಡ ಕಾಮಗಾರಿ, ಬಹುತೇಕ ಕಾರ್ಖಾನೆಗಳು ನಿಂತಾಗ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಸುತ್ತಲಿನ ಘಾಟು ವಾಸನೆ ಇಳಿದುಹೋಗಿತ್ತು. ಕಲ್ಯಾಣ್ ಆಚೆಯ ಮಲಂಗಗಡ ಬೆಟ್ಟ ಮಧ್ಯಾಹ್ನದಲ್ಲೂ ನಿಚ್ಚಳವಾಗಿ ಕಾಣುತ್ತಿತ್ತು. ಅದಕ್ಕೆ ಮುಂಚೆ, ಅದೇ ವರ್ಷದ ಫೆಬ್ರುವರಿಯಲ್ಲಿ, ಇಲ್ಲಿನ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿ, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರೇ ನೋಡಲು ಬಂದಿದ್ದರು!

ಲಾಕ್‌ಡೌನ್‌ನ ಆ ಶುದ್ಧಗಾಳಿಗೆ ಬೆಲೆಯಾಗಿ ದಿನಗೂಲಿಯವರು ಅನ್ನ ಕಳೆದುಕೊಂಡರು, ಊರಿಗೆ ನಡೆದೇ ಹೋದರು. ಅಂಥ ದಿನ ಮತ್ತೆ ಬೇಡವೇ ಬೇಡ. ಆದರೆ ಹೊಗೆ ನಮ್ಮ ಹಣೆಬರಹ ಎನ್ನುವವರ ಮಾತನ್ನು ನಾನಿನ್ನು ಒಪ್ಪಲಾರೆ. ವಾಹನಗಳು ನಿಂತೊಡನೆ ನೈಟ್ರೋಜನ್ ಡೈಆಕ್ಸೈಡ್ ದೇಶದ ದೊಡ್ಡ ನಗರಗಳಲ್ಲೆಲ್ಲ ಥಟ್ಟನೆ ಇಳಿಯಿತು. ಓಝೋನ್ ಮಾತ್ರ ಹಲವೆಡೆ ಏರಿತು. ಎಂದರೆ ವಾಹನದ ಹೊಗೆ ಇಳಿದರೂ ಎಲ್ಲ ಮಾಲಿನ್ಯ ಇಳಿಯದು; ವಾಹನವೊಂದನ್ನೇ ಹಿಡಿದರೆ ಸಾಲದು.

ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಲಾರಿಗಳ ಸಾಲು, ನವಿಮುಂಬಯಿಯ ತಳೋಜಾದಲ್ಲಿ ಕಾರ್ಖಾನೆಗಳ ಹೊಗೆ, ಎಲ್ಲೆಡೆ ಕಟ್ಟಡಗಳ ಧೂಳು ಮರಳಿ ಬಂದಿವೆ. ಇವುಗಳಿಂದ ಏಳುವ ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿಯೇ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಆದ್ದರಿಂದ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ಚಿಮಣಿಯ ಅಂಕಿಅಂಶವನ್ನು ಕಾರ್ಖಾನೆಯ ಗೇಟಿನಲ್ಲೇ ಜನರಿಗೆ ಕಾಣುವಂತೆ ಹಾಕಿಸಲಿ, ರಾತ್ರಿಪಾಳಿಯಲ್ಲೂ ತಪಾಸಣೆ ನಡೆಸಲಿ.

– ಓದುಗರೊಬ್ಬರು, ಡೊಂಬಿವಲಿ ಪೂರ್ವ